ಹಳೇ ಕೈಯ ಕೊಳಲು

ಇದೆಲ್ಲ ಹೀಗೆಯೇ ನಡೆಯಿತೆಂದು ಪ್ರಮಾಣ ಮಾಡಿ ಹೇಳಲಾರೆ. ಹಳೆಯ ಬಿದಿರಿಗೆ ಹಚ್ಚಿದ ಎಣ್ಣೆಯ ಕಮಟು ವಾಸನೆ ಮೂಗಿಗೆ ಬಿದ್ದರೆ ಸಾಕು, ವಿಶಾಖಪಟ್ಟಣದ ನೌಕಾಪಡೆ ಕ್ವಾರ್ಟರ್ಸಿನ ನಮ್ಮ ಎರಡು ಕೋಣೆಗಳು ಎದ್ದು ಬರುತ್ತವೆ: ಉಪ್ಪುಗಾಳಿಗೆ ತುಕ್ಕು ಹಿಡಿದ ಕಿಟಕಿಯ ಸರಳು, ರೊಟ್ಟಿ ಬಡಿಯುವ ಅವ್ವ, ಕೊಳಲನ್ನು ದುರ್ಬೀನಿನಂತೆ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿದ ಅಪ್ಪ. ಈಗ ಅವ್ವ ಅಪ್ಪ ಇಬ್ಬರೂ ಇಲ್ಲ, ಆ ಕ್ವಾರ್ಟರ್ಸನ್ನೂ ಕೆಡವಿದ್ದಾರೆ. ಕಿಟಕಿ ಪೂರ್ವಕ್ಕಿತ್ತೋ ಪಶ್ಚಿಮಕ್ಕಿತ್ತೋ ಎಂಬುದೂ ಈಗ ನೆನಪಿಲ್ಲ. ಪರವಾಡದ ಔಷಧ ಕಾರ್ಖಾನೆಯಲ್ಲಿ ಮಾದರಿಗಳನ್ನು ಪರೀಕ್ಷಿಸುವವನು ನಾನು. ನನ್ನ ಬಾಲ್ಯವನ್ನೇ ಯಾರಾದರೂ ಮಾದರಿಯಾಗಿ ತಂದುಕೊಟ್ಟಿದ್ದರೆ ತಿರಸ್ಕರಿಸುತ್ತಿದ್ದೆ.

ಗದಗಿನಿಂದ ಬಂದ ಅಪ್ಪನಿಗೆ ವಿಜಯವಾಡದ ಒಬ್ಬ ಮುದುಕ ಮಾಡುತ್ತಿದ್ದ ಕೊಳಲುಗಳೆಂದರೆ ಹುಚ್ಚು. ಮುದುಕನ ಕಣ್ಣು ಮಂಜಾದ ಮೇಲೆ ತೂತು ಕೊರೆಯುವ ಕೆಲಸ ಮಗನಿಗೆ ಹೋಗಿತ್ತು. ಬಿದಿರಿನ ಮೇಲೆ ಸುಟ್ಟು ಒತ್ತುವ ಮುದ್ರೆ ಮಾತ್ರ ಅದೇ. ಹಾಗಾಗಿ ತಿಳಿದವರು ಹೊಸದನ್ನು ಬಿಟ್ಟು ಬಳಸಿದ ಕೊಳಲುಗಳನ್ನೇ ಹುಡುಕುತ್ತಿದ್ದರು. ಅವುಗಳಲ್ಲೂ ಮುದುಕನದು ಯಾವುದು, ಮಗನದು ಯಾವುದು ಎಂದು ಹೇಳುವವರಾರು? ನಮ್ಮಪ್ಪ ಹೇಳುತ್ತಿದ್ದ. ಊದುವ ತೂತಿನ ಅಂಚಿಗೆ ಕಿರುಬೆರಳು ಆಡಿಸಿ, ಒಳಗಿನ ವಾಸನೆ ಎಳೆದುಕೊಂಡು, ಕಡೆಗೆ ಒಂದೇ ಸ್ವರ ಊದಿ, ‘ಹಳೇ ಕೈ’ ಎನ್ನುತ್ತಿದ್ದ, ಇಲ್ಲವೇ ‘ಹೊಸ ಕೈ’. ರವಿವಾರ ನೌಕಾಪಡೆಯ ಕನ್ನಡಿಗರು ಟವೆಲಿನಲ್ಲಿ ಕೊಳಲು ಸುತ್ತಿಕೊಂಡು ಬಂದು, ಚಹಾ ಕುಡಿಯುತ್ತ ಈ ತೀರ್ಪಿಗೆ ಕಾಯುತ್ತಿದ್ದರು. “ಕಲ್ಲಂಗಡಿ ಆರಿಸೂದರಾಗ ಒಮ್ಮೆರ ಸರಿ ಆಗೇದೇನು ನಿಮ್ಮ ತೀರ್ಪು?” ಎಂದು ಅವ್ವ ಒಳಗಿನಿಂದಲೇ ಛೇಡಿಸುತ್ತಿದ್ದಳು.

ತಂಗಿ ಸುಮಾಳಿಗೆಂದು ವಿಜಯವಾಡದಿಂದ ತಂದ ಕೊಳಲೂ ಹಳೇ ಕೈಯದೇ ಎಂದು ತೀರ್ಪಾಗಿತ್ತು. ಮಾರಿದ ನಿವೃತ್ತ ಮೇಷ್ಟ್ರು ಮಾತ್ರ “ಏಮೋ ಸಾರ್, ನಾಕು ತೆಲೀದು” ಎಂದು, ತಮಗೆ ಗೊತ್ತಿಲ್ಲವೆಂದು ಕೈಚೆಲ್ಲಿದ್ದರಂತೆ. ಅಪ್ಪ ತಾನೇ ಪಾಠಕ್ಕೆ ಕೂತ. ಸುಮಾ ಊದುವಾಗ ಗಾಂಧಾರ ಬಂದಾಗಲೆಲ್ಲ ಸ್ವರ ಶ್ರುತಿಗಿಂತ ಏರಿಬಿಡುತ್ತಿತ್ತು.

“ಅಪ್ಪಾ, ನಾ ಏನೂ ಮಾಡವಲ್ಲೆ. ಅದ ಏರತದ.”

“ಕೊಳಲಿನ ಮ್ಯಾಲ ಹಾಕಬ್ಯಾಡ. ಹಳೇ ಕೈ ಅದು. ನಿನ್ನ ಕಿವಿ ಸರಿ ಮಾಡ್ಕೊ.”

ಅವಳು ತುಟಿ ವಾಲಿಸಿ ಸ್ವರವನ್ನು ಇಳಿಸಲು ಹೆಣಗುತ್ತಿದ್ದಳು, ಒಮ್ಮೆ ಸಿಕ್ಕರೆ ಮತ್ತೊಮ್ಮೆ ತಪ್ಪುತ್ತಿತ್ತು. ಕೊನೆಗೆ ಬಿಟ್ಟೇಬಿಟ್ಟಳು. ಅತ್ತಳೆಂದು ನನ್ನ ನೆನಪು, ಇಲ್ಲವೆಂದು ಅವಳ ವಾದ. ಕೊಳಲು ಅಪ್ಪನ ಟ್ರಂಕು ಸೇರಿತು. ಅದರ ಬೀಗದ ಕೈ ಅಪ್ಪನ ಜನಿವಾರದಲ್ಲೇ ಇರುತ್ತಿತ್ತು.

ಸುಮಾ ಈಗ ವಿಜಯವಾಡದ ಆಸ್ಪತ್ರೆಯೊಂದರಲ್ಲಿ ನರ್ಸು, ಮನೆ ಗನ್ನವರಂ ಕಡೆ. ಮನೆಮಾತು ತೆಲುಗೇ ಆಗಿದೆ. ಅಡುಗೆ ಮಾಡುವಾಗಲೂ ಅವಳು ಗುನುಗಿದ್ದನ್ನು ನಾನು ಕೇಳಿಲ್ಲ. ಮಗಳು ಸಂಗೀತಕ್ಕೆ ಸೇರುತ್ತೇನೆಂದು ಹಟ ಹಿಡಿದಾಗ, “ನಮ್ಮ ಮನಿತನದಾಗ ಕಿವೀನ ಇಲ್ಲ” ಎಂದು ಸೇರಿಸಲೊಪ್ಪಲಿಲ್ಲ. ನನಗೆ ತಡೆಯಲಾಗಲಿಲ್ಲ. ತಪ್ಪು ಅವಳ ಕಿವಿಯದಲ್ಲ, ಕೊಳಲಿನದೇ ಎಂದು ತೋರಿಸಲು ಅಪ್ಪನ ಟ್ರಂಕಿನಿಂದ ಅದನ್ನು ತೆಗೆದುಕೊಂಡು ರೈಲು ಹತ್ತಿದೆ.

ಅವಳ ಊಟದ ಮೇಜಿನ ಮೇಲೆ ಶ್ರುತಿ ತೋರಿಸುವ ಮೊಬೈಲಿಟ್ಟು ನಾನೇ ಊದಿದೆ. ಗಾಂಧಾರ ಪರದೆಯ ಗೆರೆಯ ಮೇಲೆ ನೆಟ್ಟಗೆ ನಿಂತಿತು. ಎಷ್ಟು ಸಲ ಊದಿದರೂ ಅಷ್ಟೇ.

“ನೋಡಿದ್ಯಾ? ವದಿಲೇಯ್ ಅಣ್ಣ, ಬಿಡು. ಕೊಳಲು ಸರೀನ ಅದ.”

ನನಗೆ ಸಿಟ್ಟು ಬಂತು, ಅಪ್ಪನ ಮೇಲೆ, ಬಿದಿರಿನ ಮೇಲೆ, ಇಷ್ಟು ದೂರ ಹೊತ್ತು ತಂದ ನನ್ನ ಮೇಲೆ. ಸೋತು ಕೊಳಲನ್ನು ಬೆಳಕಿಗೆ ತಿರುಗಿಸಿದಾಗ ಗಾಂಧಾರದ ತೂತಿನ ಒಳಅಂಚಿನಲ್ಲಿ ಕಪ್ಪಗೆ ಏನೋ ಕಂಡಿತು. ಕೊಳೆಯಲ್ಲ, ಜೇನುಮೇಣ. ಏರುವ ಸ್ವರವನ್ನು ಇಳಿಸಲು ತೂತನ್ನು ಹೀಗೆ ಕಿರಿದು ಮಾಡುತ್ತಾರೆ. ಸುಮಾ ಕಲಿಯುವಾಗಲೇ ಅದು ಅಲ್ಲಿದ್ದಿದ್ದರೆ ಸ್ವರ ಏರುತ್ತಲೇ ಇರಲಿಲ್ಲ. ಅವಳು ಬಿಟ್ಟ ಮೇಲೆ, ನಾನು ತೆಗೆಯುವವರೆಗೆ, ಆ ಕೊಳಲನ್ನು ಅಪ್ಪನ ಹೊರತು ಯಾರೂ ಮುಟ್ಟಿರಲಿಲ್ಲ.

ಅಂದರೆ ಅಪ್ಪನಿಗೆ ಗೊತ್ತಾಗಿತ್ತು. ಯಾವಾಗ? ಗೊತ್ತಾದ ಮೇಲೆ ಅವಳಿಗೊಂದು ಮಾತು ಹೇಳಲು ಏನಾಗಿತ್ತು? ರವಿವಾರದ ತನ್ನ ತೀರ್ಪುಗಳೆಲ್ಲ ಸುಳ್ಳಾಗುತ್ತವೆಂದು ಹೆದರಿದನೋ, ನಾಳೆ ಹೇಳೋಣವೆಂದು ದಿನ ದೂಡಿದನೋ. ಮೇಣ ಬಿಸಿ ಮಾಡುತ್ತ ಬಾಲ್ಕನಿಯಲ್ಲಿ ಕೂತ ಅಪ್ಪನ ಚಿತ್ರವೊಂದು ಆಗಲೇ ನನ್ನ ತಲೆಯಲ್ಲಿ ಮೂಡತೊಡಗಿತ್ತು. ಅದು ನೆನಪಲ್ಲ, ನನಗೆ ಬೇಕಾದದ್ದು. ಕೇಳಲು ಈಗ ಯಾರೂ ಉಳಿದಿಲ್ಲ.

ಸುಮಾ ತಲೆಯ ಪಿನ್ನು ತೆಗೆದು ಮೇಣವನ್ನು ಕೆರೆದಳು, ಸೆರಗಿನಿಂದ ಒರೆಸಿ ತುಟಿಗಿಟ್ಟಳು. ಷಡ್ಜ, ರಿಷಭ ಗೆರೆಯ ಮೇಲೆ ನಿಂತವು, ಗಾಂಧಾರ ಗೆರೆ ದಾಟಿ ಮೇಲೇರಿತು. ಅವಳು ಮತ್ತೊಮ್ಮೆ ಊದಿದಳು. ಮಿಕ್ಕಿದ್ದಕ್ಕೆ ನಾನು ಹೊಣೆಯಲ್ಲ, ಇದೊಂದನ್ನು ಮಾತ್ರ ಪರೀಕ್ಷಿಸಿ ನೋಡಿದ್ದೇನೆ: ಮೇಣವಿಲ್ಲದೆ ಆ ಕೊಳಲಿನ ಗಾಂಧಾರ ಏರುತ್ತದೆ, ಯಾರು ಊದಿದರೂ.