ಇವತ್ತೊಂದಿನ ಹತ್ತಬ್ಯಾಡ

ಮಾಳವ್ವ, ನಿನಗೆ ಮೆಟ್ಟಿಲು ಹತ್ತಲು ಬರುತ್ತದೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಅದನ್ನು ನೋಡಲೆಂದು ನಿನ್ನ ಅಪ್ಪ ಬಂದ ದಿನವೇ ಹತ್ತಬೇಡ ಎಂದವನು ನಾನು. ಆಮೇಲೆ ಆ ದಿನದ ಕಥೆಯನ್ನು, ನಿನ್ನನ್ನು ಹತ್ತಲಾರದ ಹುಡುಗಿಯನ್ನಾಗಿ ಮಾಡಿ, ಐದು ತಾಲ್ಲೂಕುಗಳಲ್ಲಿ ಹೇಳಿಕೊಂಡು ತಿರುಗಿದವನೂ ನಾನೇ. ಸಭೆಯಲ್ಲಿ ಆಡಿದ ಸುಳ್ಳನ್ನು ಕಿವಿಯಲ್ಲಿ ಹಿಂದಕ್ಕೆ ತೆಗೆದುಕೊಳ್ಳಬಾರದು — ಆದ್ದರಿಂದ ಇದನ್ನು ಅಚ್ಚಿಗೆ ಕೊಡುತ್ತಿದ್ದೇನೆ. ಬರೆದದ್ದು ನಿನಗೆ. ಉಳಿದವರೂ ಓದಲಿ.

ಆ ಉಳಿದವರಿಗಾಗಿ ಎರಡು ಮಾತು. ನಾನು ಹರಪನಹಳ್ಳಿ ಸೀಮೆಯಲ್ಲಿ ಮೂವತ್ತು ವರ್ಷ ಮೆಕ್ಕೆಜೋಳದ ಬೀಜ ಮಾರಿದವನು. ನಿವೃತ್ತನಾದ ಮೇಲೆ, ಮನೆಯಲ್ಲಿ ಬೀಜ ಇರುವ ರೈತನಿಗೂ ಬೀಜ ಮಾರಬಲ್ಲವನು ದಾನವನ್ನೂ ಕೇಳಬಲ್ಲ ಎಂದು ಊರಿನ ಸಂಘ-ಸಂಸ್ಥೆಗಳಿಗೆ ಹೊಳೆಯಿತು. ಸಲಹೆಗಾರ ಎಂಬ ಪದವಿಯನ್ನು ನನಗೆ ಯಾರೂ ದಯಪಾಲಿಸಲಿಲ್ಲ. ನಾನೇ ಕೊಟ್ಟು, ನಾನೇ ಸ್ವೀಕರಿಸಿ, ನಾನೇ ಅಭಿನಂದಿಸಿಕೊಂಡೆ. ಕೆಲಸವನ್ನೇನೂ ಕೆಡಿಸಲಿಲ್ಲ. ಹಡಗಲಿಯ ಒಂದು ಸಂಘದವರು ವಾಚನಾಲಯಕ್ಕೆ ನೆರವು ಕೋರಿ ಕರಪತ್ರ ಮಾಡಿಸಿದ್ದರು. ಪದಾಧಿಕಾರಿಗಳ ಹದಿನಾಲ್ಕು ಭಾವಚಿತ್ರಗಳು ಆಸೀನವಾದ ಮೇಲೆ ವಾಚನಾಲಯಕ್ಕೆ ಅರ್ಧ ಸಾಲು ಜಾಗ ಉಳಿದಿತ್ತು. ಚಿತ್ರಗಳನ್ನು ತೆಗೆಸಿದೆ. ವಾಚನಾಲಯ ಬಂತು, ಪದಾಧಿಕಾರಿಗಳಲ್ಲಿ ಆರು ಮಂದಿ ಹೋದರು. ಕೂಡ್ಲಿಗಿಯಲ್ಲಿ ಹಿರಿಯರ ಮನೆ ನಡೆಸುವವರಿಗೆ, ಕೊಟ್ಟವರಿಗೆ ವಾರದೊಳಗೆ ಕೃತಜ್ಞತೆಯ ಕಾಗದ ಹೋಗಬೇಕು, ಆ ಕಾಗದದಲ್ಲೇ ಮತ್ತೆ ಕೇಳಬಾರದು ಎಂದು ಕಲಿಸಿದೆ. ಇವು ಒಳ್ಳೆಯ ಸಲಹೆಗಳು. ಇವತ್ತು ಕೇಳಿದರೂ ಇದನ್ನೇ ಹೇಳುತ್ತೇನೆ.

ಆದರೆ ನನ್ನ ದೊಡ್ಡ ಸೂತ್ರ ಬೇರೆ ಇತ್ತು. ಬೀಜ ಮಾರುವಾಗ ದಪ್ಪ ತೆನೆ ತೋರಿಸಬೇಕು, ದಾನ ಕೇಳುವಾಗ ಸೊರಗಿದ ತೆನೆ. ಇದನ್ನು ಹೇಳಿದಾಗಲೆಲ್ಲ ಸಭೆ ತಲೆದೂಗುತ್ತಿತ್ತು. ಆ ಸೊರಗಿದ ತೆನೆ ನೀನಾಗಿದ್ದೆ, ಮಾಳವ್ವ.

ಹರಪನಹಳ್ಳಿಯ ಬಸ್ ನಿಲ್ದಾಣದ ಹಿಂದೆ, ಇಕ್ಕಟ್ಟಾದ ಓಣಿಯೊಂದರಲ್ಲಿ, ನಿವೃತ್ತ ನರ್ಸ್ ನಾಗರತ್ನಕ್ಕ ನಡೆಸುತ್ತಿದ್ದ ಮನೆ ಅದು. ನಡೆಯಲು ಕಷ್ಟವಿದ್ದ ಹನ್ನೊಂದು ಮಕ್ಕಳು ಅಲ್ಲಿದ್ದು ಶಾಲೆಗೆ ಹೋಗಿಬರುತ್ತಿದ್ದರು. ಯಾರೋ ಪುಣ್ಯಾತ್ಮರು ಬಿಟ್ಟುಕೊಟ್ಟ ಹಳೆಯ ಮನೆ, ಬಾಗಿಲ ಮುಂದೆ ಏಳು ಕಲ್ಲಿನ ಮೆಟ್ಟಿಲು. ನಡೆಯಲಾರದ ಮಕ್ಕಳಿಗೆ ಏಳು ಮೆಟ್ಟಿಲಿನ ಮನೆ ಕೊಡುವುದಕ್ಕೂ ಒಂದು ಬಗೆಯ ಔದಾರ್ಯ ಬೇಕು. ಆಯಾ ದುರುಗವ್ವ ಒಬ್ಬೊಬ್ಬರನ್ನಾಗಿ ಎತ್ತಿ ಹತ್ತಿಸುತ್ತಿದ್ದಳು, ಇಳಿಸುತ್ತಿದ್ದಳು. ಅವಳ ಸೊಂಟ ಹೋಗುತ್ತ ಬಂದಿತ್ತು. ರ‍್ಯಾಂಪ್ — ಗಾಲಿಕುರ್ಚಿ ಹೋಗುವ ಇಳಿಜಾರು ದಾರಿ — ನಿಜವಾಗಿಯೂ ಬೇಕಿತ್ತು. ದಾವಣಗೆರೆಯ ಅಕ್ಕಿ ಗಿರಣಿಯ ಯಜಮಾನರೊಬ್ಬರನ್ನು ಹಿಡಿದು, “ಬಂದು ನೋಡಿ ಹೇಳ್ತೀನಿ” ಎನ್ನುವಲ್ಲಿಯವರೆಗೆ ತಂದಿದ್ದೆ.

ನಿನಗಾಗ ಹನ್ನೊಂದು ವರ್ಷ. ಉಚ್ಚಂಗಿದುರ್ಗದ ಕೆಳಗಿನ ಹಟ್ಟಿಯ ಕುರಿಗಾರ ಮೈಲಪ್ಪನ ಮಗಳು. ಬಲಗಾಲು ಹುಟ್ಟಿನಿಂದಲೇ ಸೆಟೆದದ್ದು. ಮೂರು ತಿಂಗಳಿಂದ ನೀನು ಯಾರಿಗೂ ಹೇಳದೆ ಆ ಮೆಟ್ಟಿಲುಗಳ ಜೊತೆ ಹೆಣಗುತ್ತಿದ್ದೆ. ಒಂದೊಂದಕ್ಕೂ ಅಪ್ಪನ ಕುರಿಗಳ ಹೆಸರಿಟ್ಟಿದ್ದೆ — ಕೆಂದಿ, ಮೋಟಗಿವಿ, ಬೋಳಿ. ಐದನೆಯದು ಉಳಿದವಕ್ಕಿಂತ ನಾಲ್ಕು ಬೆರಳು ಎತ್ತರ, ಅದು ಟಗರು. “ಅದು ಹಾಯ್ತೈತ್ರಿ ಸರ್” ಎಂದು ನೀನು ಗಂಭೀರವಾಗಿ ಹೇಳಿದ್ದೆ. ಯಜಮಾನರು ಬರುವುದಕ್ಕೆ ಒಂದು ವಾರ ಮೊದಲು, ನಾಗರತ್ನಕ್ಕ ಮತ್ತು ನಾನು ನೋಡುತ್ತಿದ್ದಂತೆ, ಕೋಲೂರಿಕೊಂಡು ಏಳನ್ನೂ ಒಬ್ಬಳೇ ಹತ್ತಿದೆ. ನಾಗರತ್ನಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು — ಹೇಳಲೇಬೇಕು — ಗಾಬರಿಯಾದೆ. ಯಜಮಾನರ ಮುಂದೆಯೂ ಈ ಹುಡುಗಿ ಹೀಗೆ ತಾನೇ ಹತ್ತಿಬಿಟ್ಟರೆ ರ‍್ಯಾಂಪಿನ ಗತಿಯೇನು?

“ಆಕಿ ಹತ್ತೋದನ್ನ ನೋಡಿದ್ರೆ ಅವ್ರು ಕೊಡಲ್ವೇನ್ರಿ? ಮನುಷ್ಯರಲ್ವಾ?” ಎಂದರು ನಾಗರತ್ನಕ್ಕ.

“ಕೊಡ್ತಾರ್ರಿ ಅಕ್ಕಾರ, ಶಾಲು ಕೊಡ್ತಾರ,” ಎಂದೆ ನಾನು. “ರ‍್ಯಾಂಪ್ ಕೊಡಂಗಿಲ್ಲ.”

ಅವರು ನಗಲಿಲ್ಲ. ಆದರೆ ಸಲಹೆಗಾರನ ಎದುರು ಮತ್ತೆ ವಾದಿಸಲೂ ಇಲ್ಲ.

ಆ ಶನಿವಾರ ಮಧ್ಯಾಹ್ನ ಮಕ್ಕಳು ಶಾಲೆಯಿಂದ ಆಟೋದಲ್ಲಿ ಬರುವ ಹೊತ್ತಿಗೆ ಯಜಮಾನರು ಬರುವಂತೆ ಗೊತ್ತುಮಾಡಿದ್ದೆ. ಎತ್ತಿಕೊಂಡು ಹೋಗುವುದನ್ನು ಅವರು ಕಣ್ಣಾರೆ ಕಾಣಲಿ ಎಂದು. ಬೆಳಿಗ್ಗೆ ನೀನು ಶಾಲೆಗೆ ಹೊರಡುವಾಗ ನಿನ್ನೆದುರು ಕುಕ್ಕರುಗಾಲಲ್ಲಿ ಕೂತು ಹೇಳಿದೆ: “ಇವತ್ತೊಂದಿನ ಹತ್ತಬ್ಯಾಡವ್ವ. ದುರುಗವ್ವ ಎತ್ತಿಕೊಂತಾಳ.”

“ನನಗ ಹತ್ತಾಕ ಬರ್ತೈತ್ರಿ ಸರ್.”

“ಗೊತ್ತೈತಿ. ಇವತ್ತೊಂದಿನ.”

“ಇವತ್ತು ಅಪ್ಪ ಬರ್ತಾನ್ರಿ.”

ಅದೂ ಗೊತ್ತಿತ್ತು. ಮೈಲಪ್ಪನ ಹಿಂಡು ಊರ ಹೊರಗೆ, ಜೋಳ ಕೊಯ್ದ ಹೊಲದಲ್ಲಿ ಎರಡು ದಿನಕ್ಕೆ ನಿಂತಿತ್ತು. ಆಮೇಲೆ ಮೈಲಾರದ ಕಡೆಗೆ, ಹೊಳೆ ದಂಡೆಗೆ ಹೋಗುವುದಿತ್ತು. “ಒಂದು ತೋರಸ್ತೀನಿ ಬಾ ಅಪ್ಪ” ಎಂದು ನೀನು ನಾಗರತ್ನಕ್ಕನ ಫೋನಿನಲ್ಲಿ ಕರೆದಿದ್ದೆ. ಏನೆಂದು ಹೇಳಿರಲಿಲ್ಲ. ಮಕ್ಕಳಿಗೆ ಮಾತ್ರ ಸಾಧ್ಯವಾದ ಬಿಗುಮಾನ ಅದು.

“ನಿಮ್ಮಪ್ಪ ಉಣ್ಣೋ ಹೊತ್ತಿಗಲ್ಲೇನು ಬರಾದು? ಅಷ್ಟರಾಗ ಇವರು ಹೋಗಿರ್ತಾರ. ಆಮ್ಯಾಲೆ ಬೇಕಾದಷ್ಟು ಹತ್ತು,” ಎಂದೆ. ನೀನು ಒಪ್ಪಿದೆ. ದೊಡ್ಡವರು ಹೇಳಿದರೆ ಒಪ್ಪುವ ವಯಸ್ಸು.

ನಿನ್ನ ಅಪ್ಪನಿಗೆ ತಡೆಯಲಾಗಲಿಲ್ಲವೋ ಏನೋ — ಒಂದು ಗಂಟೆ ಮೊದಲೇ ಬಂದುಬಿಟ್ಟ.

ಆಟೋ ನಿಂತಿತ್ತು. ಯಜಮಾನರೂ ಅವರ ಮನೆಯವರೂ ಕಾರಿನ ಪಕ್ಕ ನಿಂತಿದ್ದರು. ದುರುಗವ್ವ ಇಬ್ಬರನ್ನು ಮೇಲೆ ಬಿಟ್ಟು ನಿನ್ನ ಕಡೆ ಬರುತ್ತಿದ್ದಳು. ಆಗ ನೀನು ಓಣಿಯ ತುದಿಯಲ್ಲಿ ಅಪ್ಪನನ್ನು ಕಂಡೆ. ಮುಖ ತೊಳೆದು, ಕಂಬಳಿಯನ್ನು ನೀಟಾಗಿ ಮಡಿಸಿ ಹೆಗಲ ಮೇಲೆ ಹಾಕಿಕೊಂಡು ಬಂದಿದ್ದ. ನೀನು ಕೂಗಲಿಲ್ಲ. ತಿರುಗಿ ನನ್ನನ್ನು ನೋಡಿದೆ. ಈಗ ಹತ್ತಲೇ ಎಂದು ಕಣ್ಣಲ್ಲೇ ಕೇಳಿದೆ.

ನಾನು ತಲೆ ಅಲ್ಲಾಡಿಸಿದೆ.

ಬೆಳಿಗ್ಗೆ ಹೇಳಿದ್ದನ್ನು ಸಲಹೆ ಎಂದು ಹೇಗೋ ಕರೆದುಕೊಳ್ಳಬಹುದು — ಕೆಟ್ಟ ಸಲಹೆ. ಆದರೆ ಈ ತಲೆ ಅಲ್ಲಾಡಿಸಿದ್ದು — ಇಷ್ಟು ವರ್ಷ ಅದಕ್ಕೊಂದು ಮೆತ್ತನೆಯ ಹೆಸರು ಹುಡುಕಿದ್ದೇನೆ, ಸಿಕ್ಕಿಲ್ಲ.

ದುರುಗವ್ವ ನಿನ್ನನ್ನು ಎತ್ತಿಕೊಂಡಳು. ನೀನು ಅವಳ ಹೆಗಲಿನಲ್ಲಿ ಮುಖ ಹುದುಗಿಸಿದೆ. ಯಜಮಾನರ ಮನೆಯವರು ಅದನ್ನು ಸಂಕಟವೆಂದು ತಿಳಿದು ಕಣ್ಣು ಒತ್ತಿಕೊಂಡರು. ಯಜಮಾನರು ನಿಂತಲ್ಲೇ ಒಪ್ಪಿದರು. ಅವರನ್ನು ನಾಗರತ್ನಕ್ಕ ಒಳಗೆ ಕರೆದುಕೊಂಡು ಹೋದ ಮೇಲೆ ಮೈಲಪ್ಪ ನನ್ನ ಬಳಿಗೆ ಬಂದ.

“ಏನೋ ತೋರಸ್ತೀನಿ ಅಂದಿದ್ಲು. ಏನ್ರಿ ಸರ್ ಅದು?”

ಬಾಗಿಲು ತೆರೆದೇ ಇತ್ತು. ಮಾತು ಒಳಗೆ ಕೇಳಿಸುತ್ತಿತ್ತು. “ದೊಡ್ಡವರು ಬಂದಾರಲ್ಲ ಮೈಲಪ್ಪ,” ಎಂದೆ, “ಅದನ್ನ ತೋರಸಾಕ ಕರದಿರಬೇಕು.”

“ಹೌದ? ಚಲೋ ಆತು ಬಿಡ್ರಿ.” ಸ್ವಲ್ಪ ಹೊತ್ತು ಮೆಟ್ಟಿಲುಗಳನ್ನೇ ನೋಡಿದ. “ಎತ್ತಿಕೊಳ್ಳಾಕ ಆಳರ ಐತಲ್ಲ. ನಾ ಬರ್ತೀನ್ರಿ, ಕುರಿ ಹತ್ರ ನಾಯಿ ಒಂದ ಐತಿ.”

ಹೋದ. ನೀನು ಮತ್ತೆ ಬಾಗಿಲಿಗೆ ಬರುವಷ್ಟರಲ್ಲಿ ಓಣಿ ಖಾಲಿಯಾಗಿತ್ತು. ನೀನು ಏನೂ ಕೇಳಲಿಲ್ಲ. ಕೇಳಬೇಕಾಗಿತ್ತು — ಇಲ್ಲ, ಹನ್ನೊಂದು ವರ್ಷದವಳ ಮೇಲೆ ಅದನ್ನೂ ಹೊರಿಸುತ್ತಿದ್ದೇನೆ ನೋಡು.

ಮುಂದಿನ ಸಲ ತೋರಿಸಿದರಾಯಿತು ಎಂದುಕೊಂಡಿದ್ದೆ. ಓಣಿ ಇಕ್ಕಟ್ಟು; ಪಕ್ಕದಲ್ಲಿ ಜಾಗವಿಲ್ಲ ಎಂದು ಮೇಸ್ತ್ರಿ ಮೆಟ್ಟಿಲುಗಳ ಮೇಲೆಯೇ ರ‍್ಯಾಂಪ್ ಹಾಕಿದ. ಮಳೆಗಾಲ ಕಳೆದು ಮೈಲಪ್ಪ ಮತ್ತೆ ಬರುವ ಹೊತ್ತಿಗೆ ಕೆಂದಿಯಿಂದ ಟಗರಿನವರೆಗೆ ಇಡೀ ಹಿಂಡು ಸಿಮೆಂಟಿನ ಕೆಳಗಿತ್ತು. ಉಳಿದ ಮಕ್ಕಳು ತಾವೇ ಗಾಲಿಕುರ್ಚಿ ತಳ್ಳಿಕೊಂಡು ಒಳಗೆ ಹೋದರು, ದುರುಗವ್ವನ ಸೊಂಟ ಉಳಿಯಿತು. ಇದನ್ನು ನೆವವಾಗಿ ಬರೆಯುತ್ತಿಲ್ಲ. ಬಿಟ್ಟರೆ ಅದೂ ಸುಳ್ಳಾಗುತ್ತದೆ.

ನಿನ್ನ ಹತ್ತನೆಯ ತರಗತಿ ಮುಗಿಯಿತು. ಕೊಟ್ಟೂರಿನ ಕಾಲೇಜಿನಲ್ಲಿ ಸೀಟು, ಹಾಸ್ಟೆಲಿನಲ್ಲಿ ಜಾಗ — ಮಹಡಿಯ ಮೇಲೆ. ಮೈಲಪ್ಪ ಬೇಡ ಎಂದ. ನಾಗರತ್ನಕ್ಕ ನನ್ನನ್ನೂ ಹಟ್ಟಿಗೆ ಕರೆದುಕೊಂಡು ಹೋದರು. ಮಾತು ಬಲ್ಲವನು ಎಂದು.

“ಮೆಟ್ಲು ಅಂದ್ರ ಎತ್ತಿಕೊಂಡ ಹೋಗಬೇಕ್ರಿ ಆಕಿನ. ಕಣ್ಣಾರೆ ನೋಡೀನಿ,” ಎಂದ ಮೈಲಪ್ಪ.

“ನನಗ ಹತ್ತಾಕ ಬರ್ತೈತಪ್ಪ,” ಎಂದೆ ನೀನು ಬಾಗಿಲ ಹಿಂದಿನಿಂದ. ನಾಗರತ್ನಕ್ಕನೂ ಹೌದೆಂದರು. ಹತ್ತಿ ತೋರಿಸೋಣವೆಂದರೆ ಆಗ ಹಟ್ಟಿಯಲ್ಲಿ ಎಲ್ಲೂ ಮೆಟ್ಟಿಲಿರಲಿಲ್ಲ.

“ನನ್ನ ಸಮಾಧಾನಕ್ಕ ಹೇಳ್ತೀರಿ ಇಬ್ಬರೂ.” ಅವನು ನನ್ನ ಕಡೆ ತಿರುಗಿದ. “ಸರ್, ನೀವ ಹೇಳ್ರಿ. ಅವತ್ತು ನೀವೂ ಇದ್ರಿ.”

ಒಂದು ಹೂಂ ಸಾಕಿತ್ತು. ಆದರೆ ಆ ಹೂಂ ಹಿಂದೆ ಅವತ್ತಿನ ನಾಟಕವನ್ನೆಲ್ಲ ಹೇಳಬೇಕಾಗುತ್ತಿತ್ತು. ಅಷ್ಟರಲ್ಲಿ ಏಳು ಮೆಟ್ಟಿಲಿನ ಕಥೆ ನನ್ನ ಎಲ್ಲ ಭಾಷಣಗಳ ನಡುಗಂಬವಾಗಿತ್ತು. ಕೈಯಲ್ಲಿ ಮಜ್ಜಿಗೆಯ ಲೋಟ ಇತ್ತು. ಪೂರ್ತಿ ಕುಡಿದೆ. “ಮುಂದಿನ ವರ್ಷ ನೋಡಿದ್ರಾತು ಬಿಡು,” ಎಂದೆ.

ನೀನು ಎರಡು ವರ್ಷ ಹಟ್ಟಿಯಲ್ಲಿ ಮರಿ ಕಾಯ್ದೆ. ಕೊನೆಗೆ ನಾಗರತ್ನಕ್ಕ ಹಟ ಹಿಡಿದು, ಕೆಳಗಿನ ಅಂತಸ್ತಿನಲ್ಲಿ ಕೋಣೆ ಕೊಡಿಸಿ ಓದಿಸಿದರು. ಆ ಎರಡು ವರ್ಷ ನನ್ನವು.

ಹೋದ ತಿಂಗಳು ಕೊಟ್ಟೂರಿನಲ್ಲಿ ಸಣ್ಣ ಸಂಸ್ಥೆಗಳ ತರಬೇತಿ. ನಾನು ಎಂದಿನಂತೆ ಏಳು ಮೆಟ್ಟಿಲಿನ ಕಥೆಗೆ ಬಂದೆ. ದುರುಗವ್ವ ನಿನ್ನನ್ನು ಎತ್ತಿಕೊಳ್ಳುವ ಜಾಗದಲ್ಲಿ, ಕೊನೆಯ ಸಾಲಿನಲ್ಲಿ, ಗೋಡೆಗೆ ಕೋಲು ಒರಗಿಸಿಕೊಂಡು ಕೂತವಳು ನೀನೆಂದು ಗುರುತಾಯಿತು. ಹಗರಿಬೊಮ್ಮನಹಳ್ಳಿಯಲ್ಲಿ ನೌಕರಿ, ಗೆಳತಿಯರ ಜೊತೆ ಕಟ್ಟಿದ ಸಂಘ. ದಾನ ಕೇಳುವುದು ಹೇಗೆಂದು ಕಲಿಯಲು ಬಂದಿದ್ದೆ — ನನ್ನಿಂದ. ನಿಲ್ಲಿಸಬಹುದಾಗಿತ್ತು. ನಾಲಿಗೆ ತಾನು ಕಲಿತ ದಾರಿಯಲ್ಲಿ ಹೋಗಿ ಕಥೆ ಮುಗಿಸಿಯೇ ಬಂತು. ಚಪ್ಪಾಳೆಯಾಯಿತು. ನೀನು ಕೈ ಎತ್ತಿದೆ.

“ದಾನಿಗಳು ಬಂದಾಗ ಮಕ್ಕಳು ಏನ್ ಮಾಡ್ತಿರಬೇಕ್ರಿ ಸರ್?”

“ಚಹಾ ಬಂದೈತಿ,” ಎಂದೆ. ಚಹಾ ಬಂದಿರಲಿಲ್ಲ. ಮೂವತ್ತು ಮಂದಿ ಎದ್ದು ಇಲ್ಲದ ಚಹಾವನ್ನು ಹುಡುಕಿಕೊಂಡು ಹೊರಗೆ ಹೋದರು.

ನೀನು ಹತ್ತಿರ ಬಂದೆ. “ಕಥಿ ಚಲೋ ಹೇಳ್ತೀರಿ ಸರ್. ಟಗರೊಂದು ಬಿಟ್ರಿ.” ಅಷ್ಟೇ. ಆಮೇಲೆ ನಿಮ್ಮ ಸಂಘದ ಕರಪತ್ರದ ಕರಡು ತೋರಿಸಿ, ಬೇಡಿಕೆ ಮೊದಲ ಸಾಲಿನಲ್ಲಿ ಬರಬೇಕೇ ಎಂದು ಕೇಳಿದೆ. ಅದರ ಮೇಲಿನ ಚಿತ್ರದಲ್ಲಿ ನೀವು ಐದು ಜನ ಹೊಲಿಗೆ ಯಂತ್ರದ ಮುಂದೆ ಕೂತು ಏನಕ್ಕೋ ಜಗಳವಾಡುತ್ತಿದ್ದಿರಿ. ಯಾರೂ ಯಾರನ್ನೂ ಎತ್ತಿಕೊಂಡಿರಲಿಲ್ಲ. ಎರಡು ಕಡೆ ಪದ ತಿದ್ದಿಕೊಟ್ಟೆ. “ಥ್ಯಾಂಕ್ಸ್ ರಿ ಸರ್” ಎಂದೆ ನೀನು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ, ಮಾಳವ್ವ.

ಮೊನ್ನೆ ಭಾನುವಾರ ಹಟ್ಟಿಗೆ ಹೋದೆ. ನಿನ್ನನ್ನು ಕೇಳದೆ ಹೋದೆ. ಅದೂ ತಪ್ಪೇ ಇರಬಹುದು. ಹಿಂಡನ್ನು ಈಗ ನಿನ್ನ ತಮ್ಮ ಹೊಡೆದುಕೊಂಡು ಹೋಗುತ್ತಾನಂತೆ. ಮೈಲಪ್ಪ ಈಚೆಗೆ ಕಟ್ಟಿದ ಬೀರಪ್ಪನ ಗುಡಿಯ ಮುಂದೆ ಕೂತು ಉಣ್ಣೆ ನೂಲುತ್ತಿದ್ದ. ಕೂತ್ಕೊಳ್ರಿ ಎಂದ. ನಿಂತೇ ಹೇಳಿದೆ, ಬೆಳಿಗ್ಗೆ ಹೇಳಿದ್ದು, ತಲೆ ಅಲ್ಲಾಡಿಸಿದ್ದು, ಬಾಗಿಲಲ್ಲಿ ಅವನಿಗೆ ಆಡಿದ ಸುಳ್ಳು, ಮಜ್ಜಿಗೆ ಕುಡಿದದ್ದು. ಅವನ ಕೈಯ ನೂಲು ನಿಂತಿತು.

“ಏಳೂ?”

“ಏಳೂ.”

“ಒಬ್ಬಾಕಿನ?”

“ಒಬ್ಬಾಕಿನ.”

ನೂಲನ್ನು ಪಕ್ಕಕ್ಕಿಟ್ಟು ತನ್ನ ಕೋಲನ್ನು ನನ್ನ ಕಡೆ ಚಾಚಿದ. ಹೊಡೆಯುತ್ತಾನೆ ಎಂದುಕೊಂಡೆ, ಹೊಡೆಯಲಿ ಎಂದೂ ಅನ್ನಿಸಿತು. “ಹೆಂಗ ಹತ್ತಿದ್ಲು? ತೋರಸ್ರಿ,” ಎಂದ.

ಗುಡಿಗೆ ನಾಲ್ಕೇ ಮೆಟ್ಟಿಲು. ಎಡಗೈ ಗೋಡೆಗೆ ಕೊಟ್ಟೆ. ಕೋಲನ್ನು ಮೇಲಿಟ್ಟೆ, ಎಡಗಾಲು ಇಟ್ಟೆ, ಸೊಂಟ ತಿರುಗಿಸಿ ಬಲಗಾಲನ್ನು ಎಳೆದುಕೊಂಡೆ. ನಿಂತೆ. ನೀನು ಹಾಗೆಯೇ ನಿಲ್ಲುತ್ತಿದ್ದೆ, ಉಸಿರಿಗೆ. ನಲ್ಲಿಯ ಹತ್ತಿರದ ಹೆಂಗಸರು, “ಅಜ್ಜಾರಿಗೆ ಏನಾತವ್ವ” ಎಂದು ನಗುತ್ತಿದ್ದರು. ಮೈಲಪ್ಪ ನಗಲಿಲ್ಲ.

“ತಡೀರಿ. ಮೊದಲು ಕೋಲೋ ಕಾಲೋ?”

“ಕೋಲು.”

“ಇನ್ನೊಮ್ಮೆ ಹತ್ರಿ.”

ಇಳಿದು ಮತ್ತೆ ಹತ್ತಿದೆ. ಮೂರನೆಯ ಸಲವೂ ಹತ್ತಿಸಿದ. ಎಪ್ಪತ್ತು ದಾಟಿದ ನನ್ನ ಮಂಡಿಯನ್ನು ಅವನು ವಿಚಾರಿಸಲಿಲ್ಲ, ನಾನೂ ಹೇಳಲಿಲ್ಲ. ಅವನು ನೋಡುತ್ತಿದ್ದದ್ದು ನನ್ನನ್ನಲ್ಲ.

“ಮ್ಯಾಲ ಹೋಗಿ ಏನ್ ಮಾಡಿದ್ಲು?”

“ತಿರುಗಿ ನಿಂತು ನಕ್ಕಳು.”

“ಅದನ್ನೂ ತೋರಸ್ರಿ.”

ನಾನು ತಿರುಗಿ ನಿಂತೆ, ಮಾಳವ್ವ. ನಗುವುದು ನನ್ನಿಂದಾಗಲಿಲ್ಲ.