ಡಾಕ್ಟರ್ ಗಾಡಿ

ಹೊಸ ಸಾಮಾನಿನ ಮುಂದೆ ನನಗೆ ಯಾವಾಗಲೂ ಸಂಕೋಚ. ಈಗಷ್ಟೇ ಡಬ್ಬಿಯಿಂದ ತೆಗೆದ ಮಿಕ್ಸರು, ಪ್ಲಾಸ್ಟಿಕ್ ಹಾಳೆ ಸುಲಿಯದ ಕುರ್ಚಿ ಇವುಗಳೆದುರು ಬೀಗರ ಮನೆಗೆ ಹೋದವನಂತೆ ಮೈ ಹಿಡಿ ಮಾಡಿಕೊಂಡು ಕೂರುತ್ತೇನೆ. ಹಳೆಯ ಸಾಮಾನು ಹಾಗಲ್ಲ. ಅದಕ್ಕೆ ಆಗಲೇ ಗೀರು ಬಿದ್ದಿರುತ್ತದೆ. ಮೊದಲ ಗೀರಿನ ದುಃಖವನ್ನು ಬೇರೆ ಯಾರೋ ಅನುಭವಿಸಿ ಮುಗಿಸಿರುತ್ತಾರೆ. ನಮ್ಮ ಮನೆಯ ಫ್ರಿಜ್ಜು, ಟೀವಿ, ಗೋಡೆ ಗಡಿಯಾರ ಎಲ್ಲವೂ ಇನ್ನೊಬ್ಬರ ಮನೆಯಲ್ಲಿ ಸಂಸಾರ ಮಾಡಿ ಬಂದವೇ. "ಈ ಮನ್ಯಾಗ ಹೊಸಾದು ಅಂತ ಬಂದಾಕಿ ನಾ ಒಬ್ಬಾಕಿನ" ಎಂದು ನನ್ನ ಹೆಂಡತಿ ಬಂದವರಿಗೆಲ್ಲ ಹೇಳುತ್ತಾಳೆ.

ಮೊಬೈಲು ಇನ್ನೂ ಸಾಹುಕಾರರ ಕಿಸೆಯಲ್ಲಷ್ಟೇ ಇದ್ದ ಕಾಲದಲ್ಲಿ ನನಗೆ ಖಾನಾಪುರದ ಹತ್ತಿರದ ಹೈಸ್ಕೂಲಿಗೆ ವರ್ಗವಾಯಿತು. ಖಾನಾಪುರ ಪೇಟೆಯಲ್ಲೇ ಬಾಡಿಗೆ ಮನೆ ಹಿಡಿದು, ಗಾಡಿ ಹುಡುಕಿಕೊಂಡು ಬೆಳಗಾವಿಗೆ ಬಂದೆ. ಅಲ್ಲಿಯ ಶಹಾಪುರದಲ್ಲಿ ಬಾಬಾಜಾನ್ ಚಾಚಾ ಹಳೆಯ ಸ್ಕೂಟರುಗಳನ್ನು ಕೊಂಡು, ಇಂಜಿನ್ ಬಿಚ್ಚಿ ಸವೆದದ್ದನ್ನು ಬದಲಿಸಿ, ಮತ್ತೆ ಮಾರುತ್ತಿದ್ದರು. ಸುತ್ತಲಿನ ಮಗ್ಗಗಳ ಸದ್ದಿನಲ್ಲಿ ದನಿ ಎತ್ತರಿಸಿ ಮಾತನಾಡಿ ರೂಢಿ ಅವರಿಗೆ. ಬೂದು ಬಣ್ಣದ ಸ್ಕೂಟರೊಂದನ್ನು ತಟ್ಟಿ, "ಡಾಕ್ಟರ್ ಗಾಡಿ ಐತ್ರಿ ಸರ. ಒಬ್ಬರ ಕೈಯಾಗ ಓಡಿದ್ದು!" ಎಂದು ಕೂಗಿದರು.

ಹಳೆ ಗಾಡಿ ಮಾರುವವರ ಬಾಯಲ್ಲಿ ಲೋಕದ ಎಲ್ಲ ಸ್ಕೂಟರುಗಳೂ ಡಾಕ್ಟರುಗಳವೇ. ತಪ್ಪಿದರೆ ಬ್ಯಾಂಕಿನ ಮ್ಯಾನೇಜರರವು. ಒರಟಾಗಿ ಓಡಿಸುವವರು ತಮ್ಮ ಗಾಡಿಗಳನ್ನು ಎಲ್ಲಿ ಮಾರುತ್ತಾರೋ ದೇವರೇ ಬಲ್ಲ. ಹಾಗಾಗಿ ನಕ್ಕು ದುಡ್ಡು ಎಣಿಸಿಕೊಟ್ಟೆ. ಚಾಚಾ ಅವತ್ತು ಖರೆಯನ್ನೇ ಹೇಳಿದ್ದರು. ಯಾವ ಡಾಕ್ಟರು ಎಂದು ನಾನು ಕೇಳಲಿಲ್ಲ, ಅಷ್ಟೇ.

ಪೀರನವಾಡಿ ದಾಟಿ ಖಾನಾಪುರದ ದಾರಿ ಹಿಡಿದಿದ್ದೆ. ಹೊಲದ ಬದುವಿನಿಂದ ಒಬ್ಬ ಕೈಯೆತ್ತಿ, "ಡಾಕ್ಟರ್, ಥಾಂಬಾ!" ಎಂದು ಮರಾಠಿಯಲ್ಲಿ ಕೂಗುತ್ತ ಓಡಿಬಂದ. ನಿಲ್ಲಿಸಿದೆ. ನನ್ನ ಮುಖ ನೋಡಿ ಪೆಚ್ಚಾದ. ಆದರೂ ಬಂದ ತಪ್ಪಿಗೆ ತನ್ನ ಎತ್ತಿನ ಭೇದಿಯ ವಿಷಯವನ್ನು ಪೂರ್ತಿ ಹೇಳಿಯೇ ಹೋದ. ಆಗ ತಿಳಿಯಿತು, ನನ್ನ ಗಾಡಿ ದನದ ಡಾಕ್ಟರದು.

ಮುಂದೆ ಇದೇ ಕತೆಯಾಯಿತು. ಸದ್ದು ಕೇಳಿ ಜನ ಬಾಗಿಲಿಗೆ ಬರುತ್ತಿದ್ದರು. ಬೇರೆ ಸ್ಕೂಟರುಗಳ ಬೆನ್ನುಹತ್ತುವ ನಾಯಿಗಳು ನನ್ನದನ್ನು ಕಂಡರೆ ಸೂಜಿಯ ನೆನಪಾಗಿ ಬಾಲ ಮುದುರಿಕೊಂಡು ಓಡುತ್ತಿದ್ದವು. ಬೇರೆ ಬಣ್ಣ ಬಳಿಸಿದರೆ ಹೇಗೆಂದು ಚಾಚಾನನ್ನು ಕೇಳಿದೆ.

"ಬಣ್ಣ ಬಳದ್ರೂ ಆವಾಜ ಅದ ಇರ್ತೈತಲ್ರಿ" ಎಂದರು. ಆಮೇಲೆ ಗಾಡಿಯ ಪೂರ್ವಕತೆ ಹೇಳಿದರು. ಅದು ಖಾನಾಪುರದ ದೇಸಾಯಿ ಡಾಕ್ಟರದು. ನಿವೃತ್ತರಾದರೂ ಹಳ್ಳಿ ಹಳ್ಳಿ ಸುತ್ತುವುದನ್ನು ಬಿಟ್ಟಿರಲಿಲ್ಲ. ಕಣ್ಣು ಮಂಜಾಗಿ ಎರಡು ಸಲ ಗಟಾರಕ್ಕೆ ಇಳಿಸಿದರಂತೆ. ಅವರು ಕಣ್ಣಿನ ಆಪರೇಷನ್ನಿಗೆಂದು ಆಸ್ಪತ್ರೆಯಲ್ಲಿದ್ದಾಗ ಅವರ ಹೆಂಡತಿಯೇ ಚಾಚಾನನ್ನು ಕರೆಸಿ ಗಾಡಿ ಮಾರಿಬಿಟ್ಟಿದ್ದರು.

ಒಂದು ಭಾನುವಾರ ಹಳ್ಳಿಯೊಂದರಲ್ಲಿ ಯಲ್ಲವ್ವ ಎಂಬಾಕೆ ಗಾಡಿಗೆ ಅಡ್ಡ ನಿಂತಳು. ಅವಳ ಎಮ್ಮೆ ಬೆಳಗಿನಿಂದ ತಿಣುಕುತ್ತಿತ್ತು. ಕರು ಬರುತ್ತಿರಲಿಲ್ಲ.

"ನಾ ಡಾಕ್ಟರ್ ಅಲ್ಲವ್ವಾ, ಕನ್ನಡ ಮಾಸ್ತರ."

"ಯಾರರ ಇರ್ರಿ ಯಪ್ಪಾ, ಮದ್ಲ ಬಂದು ನೋಡ್ರಿ. ಇದೊಂದ ಐತಿ ನಮಗ."

ಹಿತ್ತಲಿಗೆ ಹೋದೆ. ಎಮ್ಮೆ ನೆಲಕ್ಕೆ ಕತ್ತು ಚಾಚಿ ಮಲಗಿತ್ತು. ಅದು ಕಣ್ಣು ತಿರುಗಿಸಿ ನನ್ನನ್ನು ನೋಡಿದ ರೀತಿಗೆ ನನ್ನ ವ್ಯಾಕರಣವೆಲ್ಲ ಮರೆತುಹೋಯಿತು. ಗಾಡಿ ತಿರುಗಿಸಿ ಸೀದಾ ಖಾನಾಪುರಕ್ಕೆ, ದೇಸಾಯರ ಮನೆಗೆ ಹೊಡೆದೆ.

ಸದ್ದು ಕೇಳಿಯೇ ಡಾಕ್ಟರು ಬರಿಗಾಲಲ್ಲಿ ಓಡಿಬಂದರು. ಅವರ ಹಿಂದೆಯೇ ಬಂದ ಹೆಂಡತಿ, "ಆ ಗಾಡಿ ಅಂಗಳದಾಗ ತರಬ್ಯಾಡ್ರಿ!" ಎಂದು ಗದರಿದರು. ವಿಷಯ ಹೇಳಿದೆ. ಡಾಕ್ಟರು ಹೆಂಡತಿಯ ಮುಖ ನೋಡಿದರು. ಆಕೆ ಒಳಗೆ ಹೋಗಿ ಕಪಾಟಿನಿಂದ ಚರ್ಮದ ಚೀಲ ತಂದು ಗಂಡನ ಕೈಗಿಟ್ಟರು. "ಹಿಂದ ಕುಂತು ಹೋಗೂದಾದ್ರ ಹೋಗ್ರಿ. ಹ್ಯಾಂಡಲ್ ಮುಟ್ಟೀರಂದ್ರ ನೋಡ್ರಿ ಮತ್ತ."

ಡಾಕ್ಟರು ಹ್ಯಾಂಡಲ್ ಮುಟ್ಟಲಿಲ್ಲ. ಆದರೆ ದಾರಿಯುದ್ದಕ್ಕೂ ನನ್ನ ಭುಜದ ಮೇಲಿಂದ ಬಗ್ಗಿ, "ಗೇರ್ ಬದಲ್ ಮಾಡ್ರಿ, ಪಾಪ, ಅದಕ್ಕ ಏರು ಆಗೂದಿಲ್ಲ" ಎಂದು ಗಾಡಿಯ ಪರ ವಕಾಲತ್ತು ಮಾಡಿದರು.

ಹಿತ್ತಲಿಗೆ ಬಂದವರೇ ಬೇರೆ ಮನುಷ್ಯರಾದರು. ತೋಳಿಗೆ ಸಾಬೂನು ಹಚ್ಚಿ ಕೈ ಒಳಗಿಟ್ಟು ಕಣ್ಣು ಮುಚ್ಚಿಕೊಂಡರು. "ಮುಂಗಾಲು ಮಡಚೇತಿ" ಎಂದರು. ಬಹಳ ಹೊತ್ತು ಒದ್ದಾಡಿ ಅದನ್ನು ನೇರ ಮಾಡಿ, ಹಗ್ಗ ಬಿಗಿದು, ತುದಿಯನ್ನು ನನಗೂ ಯಲ್ಲವ್ವನಿಗೂ ಕೊಟ್ಟರು. "ನಾ ಅಂದಾಗ ಎಳೀರಿ. ಸಾವಕಾಶ." ಎಳೆದೆವು. ಕರು ಜಾರಿ ನನ್ನ ಕಾಲ ಮೇಲೆ ಬಂದು ಬಿತ್ತು. ಉಸಿರಿಲ್ಲ. ಯಲ್ಲವ್ವ ಬಾಯಿಗೆ ಸೆರಗಿಟ್ಟುಕೊಂಡಳು. ಡಾಕ್ಟರು ಗೋಣಿತಟ್ಟಿನಿಂದ ಅದರ ಎದೆ ತಿಕ್ಕಿದರು, ಒಂದು ಹುಲ್ಲುಕಡ್ಡಿ ಕಿತ್ತು ಮೂಗಿನೊಳಗೆ ಆಡಿಸಿದರು. ಮತ್ತೆ ತಿಕ್ಕಿದರು. ಕರು ಸೀನಿತು. ಅಷ್ಟು ಚೆಂದದ ಸೀನನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

"ಹೆಣ್ಣಗರ" ಎಂದು ಡಾಕ್ಟರು ನಕ್ಕರು. ಯಲ್ಲವ್ವ ಅಳುತ್ತಿದ್ದಳು, ನಾನೂ ಅಷ್ಟೇ.

ಸಂಜೆ ಅವರನ್ನು ಮನೆಗೆ ಬಿಟ್ಟಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದರು. ರಕ್ತ, ಸಗಣಿ, ಸಾಬೂನಿನ ಕಲೆ ಹತ್ತಿದ ಗಂಡನ ಅಂಗಿಯನ್ನು ಮೇಲಿಂದ ಕೆಳಗೆ ನೋಡಿದರು. ಬೈಗುಳ ಬರುತ್ತದೆಂದು ನಾವಿಬ್ಬರೂ ತಲೆ ತಗ್ಗಿಸಿದೆವು.

"ಎಷ್ಟ ದಿನ ಆಗಿತ್ತಲ್ರಿ, ನಿಮ್ಮ ಅಂಗಿ ಹೊಲಸಾಗಿ" ಎಂದರು ಆಕೆ, ಮೆಲ್ಲಗೆ. ಅವರಿಗೆ ಬಿಸಿನೀರು ಕಾಯಿಸಿಟ್ಟು, ನನಗೆ ಚಹಾ ತಂದುಕೊಟ್ಟರು. ನಾನು ಕುಡಿದು ಏಳುವಾಗ, "ಮಾಸ್ತರ್ರ, ಬರೂ ಐತವಾರ ನಿಮಗ ಬಿಡುವು ಐತೇನ್ರಿ?" ಎಂದು ಕೇಳಿದರು. ಬಚ್ಚಲಿನಲ್ಲಿ ತಂಬಿಗೆಯ ಸದ್ದು ತಟ್ಟನೆ ನಿಂತಿತು.

ಮುಂದಿನ ಭಾನುವಾರ ನನಗೆ ಬಿಡುವಿರಲಿಲ್ಲ. ಪರೀಕ್ಷೆ ಮುಗಿದಿತ್ತು, ಉತ್ತರಪತ್ರಿಕೆಗಳ ಕಟ್ಟು ಮನೆಯಲ್ಲಿ ಕಾಯುತ್ತಿತ್ತು.

"ಐತ್ರಿ ಅವ್ವಾರ" ಎಂದೆ.

ಒಳಗೆ ಮತ್ತೆ ನೀರು ಸುರಿಯತೊಡಗಿತು.