ಅಳತಿ ಜಂಪರಿನ ಗಂಟು

ಸಿಂಧನೂರಿನಲ್ಲಿ ದೊಡ್ಡ ಶಾಪಿಂಗ್ ಕಾಂಪ್ಲೆಕ್ಸ್ ಶುರುವಾದಾಗ ಮೇಲಿನ ಮಹಡಿಯಲ್ಲಿ ನಾನೂ ಟೇಲರ್ ಅಂಗಡಿ ಹಾಕಿದೆ. ಶಾಲೆ ಬೇಗ ಬಿಟ್ಟವನು ನಾನು, ಆದರೆ ನನ್ನ ಹೊಲಿಗೆಯಲ್ಲಿ ಯಾರೂ ತಪ್ಪು ತೆಗೆದಿಲ್ಲ. ಸುತ್ತಲಿನ ಬಳಗಾನೂರು, ವಳಕಮದಿನ್ನಿಯ ಹೆಣ್ಣುಮಕ್ಕಳು ಕೆಳಗೆ ಸೀರೆ ಕೊಂಡು, ಮೇಲೆ ಬಂದು ನನ್ನ ಹತ್ತಿರ ಜಂಪರ್ ಹೊಲಿಸುತ್ತಿದ್ದರು.

ಆಮೇಲೆ ಜನ ಫೋನಿನಲ್ಲೇ ಸೀರೆ ತರಿಸತೊಡಗಿದರು. ಕೆಳಗಿನ ಶಟರ್‌ಗಳು ಒಂದೊಂದಾಗಿ ಇಳಿದವು. ಕೊನೆಗೆ ಮಾಲೀಕರು ಕಾಂಪ್ಲೆಕ್ಸನ್ನೇ ಮುಚ್ಚಿದಾಗ ಮಷಿನ್ ಮನೆಯ ಪಡಸಾಲೆಗೆ ಒಯ್ದೆ.

ನಮ್ಮ ಕಡೆ ಅಳತೆಗೆಂದು ಹಳೇ ಜಂಪರ್ ಒಂದನ್ನು ಟೇಲರ್ ಹತ್ತಿರವೇ ಬಿಟ್ಟಿರುತ್ತಾರೆ. ಅದನ್ನು ವಾಪಸ್ ಒಯ್ದರೆ ಟೇಲರ್‌ನನ್ನು ಬದಲಿಸಿದರು ಅಂತಲೇ ಅರ್ಥ. ಇನ್ನು ನಮ್ಮ ಓಣಿಯ ಮನೆಗೇ ಬರ್ರಿ ಅಂತ ಅಂಗಲಾಚಲು ನನಗೆ ಮನಸ್ಸಾಗಲಿಲ್ಲ. ಎಲ್ಲರಿಗೂ ಫೋನ್ ಮಾಡಿ, "ನಿಮ್ಮ ಜಂಪರ್ ಒಯ್ಯಿರಿ" ಅಂದುಬಿಟ್ಟೆ.

ಮೊದಲು ವಳಕಮದಿನ್ನಿಯ ಹಿರಿಯ ಹೆಣ್ಣುಮಗಳೊಬ್ಬರು, ನನ್ನ ಹಳೇ ಗಿರಾಕಿ, ಮನೆಗೆ ಬಂದರು. ಅವರದನ್ನು ತೆಗೆದುಕೊಡಲು ನಾನು ಎಲ್ಲರ ಅಳತಿ ಜಂಪರ್ ಕಟ್ಟಿಟ್ಟಿದ್ದ ಗಂಟು ಬಿಚ್ಚತೊಡಗಿದೆ.

"ಯಾಕ್ ಬಿಚ್ಚಾಕತ್ತೀಯೋ ತಮ್ಮಾ? ಅಂಗಡಿ ಮುಚ್ಚಿದ್ರ ನನ್ನ ಅಳತಿ ಬದಲಾಗ್ತೈತೇನು?" ಎಂದು ಬೈದು, ಸೊಸೆಯ ಜಂಪರನ್ನೂ ಗಂಟಿಗೆ ತುರುಕಿದರು. "ಈಕಿದೂ ಇಟ್ಕೋ. ಮೆಟ್ಟಿಲು ಹತ್ತೋದು ತಪ್ತು, ನನ್ನ ಮೊಣಕಾಲು ಬದುಕಿದ್ವು!"

ಇಬ್ಬರು ಮಾತ್ರ ತಮ್ಮ ಜಂಪರ್ ಒಯ್ದರು. ಅವರ ಮೇಲೂ ನನಗೆ ಸಿಟ್ಟಿಲ್ಲ. ಅಷ್ಟು ವರ್ಷ ಮೆಟ್ಟಿಲು ಹತ್ತಿ ಬಂದು ನನ್ನ ಮನೆ ನಡೆಸಿದವರು ಅವರೂ ಹೌದು.